ಮಾಸ್ಟ್ರ ಮೂಗು, ನೀಲಿ ಮುಚ್ಚಳದ ಸೆಂಟು

ಗೋವಿಂದರಾಜನಗರದ ಒಳರಸ್ತೆಯಲ್ಲಿದ್ದ ನಮ್ಮ ಊದುಬತ್ತಿ ಫ್ಯಾಕ್ಟರಿಯ ಬಾಗಿಲ ಪಕ್ಕದ ಗೋಡೆಗೆ ಸಾಲಾಗಿ ಮೂವತ್ತೆರಡು ಮೊಳೆ ಹೊಡೆದಿದ್ದರು. ಬೆಳಗ್ಗೆ ಒಂಬತ್ತೂವರೆಗೆ ನೀವೇನಾದರೂ ಆ ಕಡೆ ಬಂದಿದ್ದರೆ ಹೂವಿನಂಗಡಿ ಅಂದುಕೊಂಡು ಮೊಳ ಎಷ್ಟು ಅಂತ ಕೇಳಿಬಿಡುತ್ತಿದ್ದಿರಿ. ಒಂದೊಂದು ಮೊಳೆಗೂ ಒಂದೊಂದು ತುಂಡು ಮಲ್ಲಿಗೆ, ಕಾಕಡ, ಕನಕಾಂಬರ. ಕೆಲಸಕ್ಕೆ ಬಂದ ಹೆಂಗಸರೆಲ್ಲ ಮುಡಿದ ಹೂವು ತೆಗೆದು ಅಲ್ಲಿ ನೇತುಹಾಕಿ ಒಳಗೆ ಹೋಗಬೇಕು, ಸಂಜೆ ಅದೇ ಬಾಡಿದ ಹೂವು ಮುಡಿದುಕೊಂಡು ಮನೆಗೆ ಹೋಗಬೇಕು. ಇದು ಮಾಸ್ಟ್ರ ಕಾನೂನು.

ಹೂವು ಮಾತ್ರ ಅಲ್ಲ. ಪೌಡರು ಕೂಡದು, ಘಮಘಮ ತಲೆಎಣ್ಣೆ ಕೂಡದು, ಗಂಡಸರು ಸೆಂಟು ಹೊಡಕೊಂಡು ಬಂದರೆ ಗೇಟಿನಿಂದಲೇ ವಾಪಸ್ಸು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಕನಕಾಂಬರ ಮುಡಿದು ಹೋಗಿದ್ದೆ. ತೆಗೀಬೇಕಮ್ಮ ಅಂದರು.

"ಕನಕಾಂಬರಕ್ಕೆ ವಾಸನೆ ಎಲ್ಲಿದೆ ಮಾಸ್ಟ್ರೇ?" ಅಂತ ನಾನು ಜೋರು ಮಾಡಿದೆ.

"ನಿನಗಿಲ್ಲ. ನನಗಿದೆ."

ಮುತ್ತೈದೆಯರ ತಲೆಯಿಂದ ಹೂವು ತೆಗೆಸೋ ಗಂಡಸು, ಇವರ ಕೈ ಸೇದಿಹೋಗ ಅಂತ ಮನಸ್ಸಿನಲ್ಲೇ ಬೈದುಕೊಂಡು ಮೊಳೆಗೆ ಹಾಕಿದೆ. ಮಾಸ್ಟ್ರ ಪರಿಚಯ ನನಗಾದದ್ದು ಹೀಗೆ.

ಅವರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಹೋದ ವರ್ಷ ಮಾಸ್ಟ್ರು ತೀರಿಕೊಂಡರು. ಒಂದು ದಿನವೂ ಯಾರ ಕೈಯಲ್ಲೂ ಚಾಕರಿ ಮಾಡಿಸಿಕೊಳ್ಳದೆ, ಮಧ್ಯಾಹ್ನ ಹುಳಿಯನ್ನ ಉಂಡು ಮಲಗಿದವರು ಏಳಲಿಲ್ಲ. ತಿಥಿಯ ದಿನ ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು, "ಆ ವಿಷಯ ಇನ್ನು ಯಾರಿಗೆ ಹೇಳಿದ್ರೂ ಪರವಾಗಿಲ್ಲಮ್ಮ, ಹೆಸರೊಂದು ಬಿಟ್ಟು" ಅಂದರು. ಹಾಗಾಗಿ ಹೆಸರೊಂದು ಬಿಟ್ಟು ಮಿಕ್ಕಿದ್ದು ಹೇಳುತ್ತೇನೆ.

ನೋಡೋಕೆ ಮಾಸ್ಟ್ರು ಏನೂ ಅಲ್ಲ. ಐದಡಿ ಎತ್ತರ, ಬಿಳೀ ಅರ್ಧ ತೋಳಿನ ಅಂಗಿ, ಕಾಲಲ್ಲಿ ಹವಾಯ್ ಚಪ್ಪಲಿ. ಮೂಗು ಕೂಡ ದೊಡ್ಡದೇನಲ್ಲ, ಎಲ್ಲರ ಮೂಗಿನ ಹಾಗೇ ಒಂದು ಮೂಗು. ಆದರೆ ಆ ಫ್ಯಾಕ್ಟರಿ ನಿಂತಿದ್ದೇ ಆ ಮೂಗಿನ ಮೇಲೆ. ವಾಸನೆ ಇಲ್ಲದ ಕಚ್ಚಾ ಬತ್ತಿ ಮೂಟೆಯಲ್ಲಿ ಬರುತ್ತಿತ್ತು. ಮಾಸ್ಟ್ರು ಮಿಕ್ಸಿಂಗ್ ರೂಮಿನಲ್ಲಿ ಕೂತು ಹತ್ತಾರು ಬಾಟಲಿಗಳಿಂದ ಅಷ್ಟಷ್ಟು ಬೆರೆಸಿ ಸುಗಂಧದ ಎಣ್ಣೆ ಮಾಡಿಕೊಡೋರು, ಬತ್ತಿಯನ್ನು ಅದರಲ್ಲಿ ಅದ್ದಿ ಒಣಗಿಸಿದರೆ ಮಲ್ಲಿಗೆಯೋ ಚಂದನವೋ ಆಗುತ್ತಿತ್ತು. ಆಮೇಲೆ ಅದು ನನ್ನ ಪ್ಯಾಕಿಂಗ್ ಹಾಲಿಗೆ. ನಾನು ಅಲ್ಲಿ ಸೂಪರ್‌ವೈಸರ್. ಹೋದ ವರ್ಷದ ಚಂದನಕ್ಕೂ ಈ ವರ್ಷದ ಚಂದನಕ್ಕೂ ಕೂದಲೆಳೆ ವ್ಯತ್ಯಾಸ ಬಂದರೂ ಹುಬ್ಬಳ್ಳಿ ಪಾರ್ಟಿ ಫೋನ್ ಮಾಡಿ ಗಲಾಟೆ ಮಾಡೋರು. ಮಾಸ್ಟ್ರು ಇರುವ ತನಕ ಅಂಥ ಫೋನ್ ಬಂದದ್ದು ನನಗೆ ನೆನಪಿಲ್ಲ.

ವಾಸನೆ ನೋಡುವ ಮುಂಚೆ ಅವರದ್ದೊಂದು ಶಾಸ್ತ್ರ ಇತ್ತು. ಕಣ್ಣು ಮುಚ್ಚಿ, ಬಲಗೈ ಮಡಿಸಿ, ಮೊಳಕೈಯ ಒಳಮಡಿಕೆಗೆ ಮೂಗಿಟ್ಟು ಒಂದು ಸಲ ಉಸಿರೆಳೆಯೋರು. ಯಾಕೆ ಮಾಸ್ಟ್ರೇ ಅಂದರೆ, "ಅವರವರ ಮೈ ವಾಸನೆ ಅವರವರಿಗೆ ಸೊನ್ನೆ ಕಣಮ್ಮ. ಮೊದಲು ಸೊನ್ನೆಗೆ ಬರಬೇಕು, ಆಮೇಲೆ ಲೆಕ್ಕ ಶುರು" ಅನ್ನೋರು. ನಾವು ಹೆಂಗಸರು ಊಟದ ಹೊತ್ತಲ್ಲಿ ಅದನ್ನೇ ಅಣಕಿಸಿ ಬಿದ್ದು ಬಿದ್ದು ನಗುತ್ತಿದ್ದೆವು. ಆದರೆ ಆ ಮೂಗಿನ ಮುಂದೆ ಯಾರ ಆಟವೂ ನಡೀತಿರಲಿಲ್ಲ. ಒಂದು ದಿನ ನಾನು ಬಾಗಿಲಲ್ಲಿ ಕಾಲಿಡುತ್ತಲೇ, "ಏನಮ್ಮ, ಮನೇಲಿ ಹಾಲು ಉಕ್ಕಿಸಿ ಬಂದ್ಯಾ?" ಅಂದರು. ನಿಜವಾಗಿಯೂ ಉಕ್ಕಿತ್ತು. ಇನ್ನೊಂದು ದಿನ ಪಕ್ಕದ ಟೀ ಅಂಗಡಿಗೆ ಓಡಿಹೋಗಿ ಗ್ಯಾಸ್ ಆಫ್ ಮಾಡಿಸಿದರು, ಅಂಗಡಿಯವನಿಗೇ ಗೊತ್ತಾಗಿರಲಿಲ್ಲ.

ಇನ್ನು ಸೆಂಟಿನ ಕಥೆ. ಲೋಡಿಂಗ್‌ನ ಹುಡುಗನೊಬ್ಬ ಹುಡುಗಿ ನೋಡೋಕೆ ಸಂಜೆ ಹೋಗಬೇಕು ಅಂತ ಬ್ಯಾಗಲ್ಲಿ ಒಂದು ಸೆಂಟಿನ ಬಾಟ್ಲಿ ಬಚ್ಚಿಟ್ಟುಕೊಂಡು ಬಂದಿದ್ದ. ಮುಚ್ಚಳ ಬಿಗಿಯಾಗೇ ಇತ್ತು, ಆದರೂ ಮಾಸ್ಟ್ರಿಗೆ ಸಿಕ್ಕಿಬಿದ್ದ. ಆಗ ಆ ಸೆಂಟು ಎಲ್ಲೆಲ್ಲೂ ಇತ್ತು. ನೀಲಿ ಮುಚ್ಚಳ, ಅರವತ್ತು ರೂಪಾಯಿ. ವಿಜಯನಗರ ಮಾರ್ಕೆಟ್ಟಿನ ಫ್ಯಾನ್ಸಿ ಸ್ಟೋರಲ್ಲಿ ಬಾಚಣಿಗೆ, ಕರ್ಚೀಫಿನ ಜೊತೆ ನೇತುಹಾಕಿರೋರು. ಬಸ್ಸು ಹತ್ತಿದರೆ ಮೂವರಲ್ಲಿ ಒಬ್ಬ ಅದನ್ನೇ ಹಾಕಿರೋನು. ಮಾಸ್ಟ್ರು ಅದನ್ನು ಕಿತ್ತುಕೊಂಡು ಎಸೀತಾರೆ ಅಂತ ನಾವೆಲ್ಲ ಕಾದೆವು. ಎಸೆಯಲಿಲ್ಲ. ಹುಡುಗನಿಗೆ ಸಂಜೆ ವಾಪಸ್ ಕೊಟ್ಟರು, ತಾವೂ ಒಂದು ಬಾಟ್ಲಿ ಕೊಂಡುಕೊಂಡು ಹೋದರು. ಮೂರು ದಿನ ಮನೆಯಲ್ಲಿ ಕಾಗದದ ಪಟ್ಟಿಗೆ ಹಾಕಿ ಮೂಸಿ ಮೂಸಿ, ನಾಲ್ಕನೇ ದಿನ ಟೀ ಹೊತ್ತಲ್ಲಿ ನನಗೆ ಹೇಳಿದರು:

"ನೋಡಮ್ಮ, ಮೊದಲು ನಿಂಬೆ ಬರುತ್ತೆ. ಅದು ಹತ್ತು ನಿಮಿಷ ಇದ್ದು ಹೋಗುತ್ತೆ. ಆಮೇಲೆ ಸೋಪು, ಆಗ ತಾನೇ ಸ್ನಾನ ಮಾಡಿದ ಹಾಗೆ. ಸಾಯಂಕಾಲದ ಹೊತ್ತಿಗೆ ಒಂಚೂರು ಮರ. ಇಷ್ಟೇ! ದುಬಾರಿ ಎಣ್ಣೆ ಸುರಿದು ಘಮ್ಮನ್ನಿಸೋದು ಯಾರು ಬೇಕಾದ್ರೂ ಮಾಡ್ತಾರೆ. ಅರವತ್ತು ರೂಪಾಯಿಗೆ ಇದನ್ನ ಮಾಡಿದಾನಲ್ಲ, ಅವನ ಕೈಗೆ ಒಂದು ನಮಸ್ಕಾರ ಹಾಕಬೇಕು."

"ಅಷ್ಟೊಂದು ಚೆನ್ನಾಗಿದ್ಯಾ ಮಾಸ್ಟ್ರೇ? ಎಲ್ಲರೂ ಹಾಕೋತಾರಪ್ಪ ಅದನ್ನ."

"ಅದೇ ಕಣಮ್ಮ ಅದರ ದೊಡ್ಡಸ್ತಿಕೆ! ಲೇತ್ ಮೆಷಿನ್ ಹತ್ರ ನಿಂತು ಎಣ್ಣೆ ಮೆತ್ಕೊಂಡಿರೋನು ಸಂಜೆ ಎರಡು ಸಲ ಪುಸ್ ಪುಸ್ ಅನ್ನಿಸ್ಕೊಂಡ್ರೆ ಬ್ಯಾಂಕ್ ಮ್ಯಾನೇಜರ್ ಪಕ್ಕದಲ್ಲೂ ಧೈರ್ಯವಾಗಿ ಕೂತ್ಕೋತಾನೆ. ನಾನೂ ಸ್ನಾನ ಮಾಡಿದೀನಿ, ನಾನೂ ಮರ್ಯಾದಸ್ಥ ಅಂತ ಬಾಯಿ ಬಿಡದೇ ಹೇಳಿದ ಹಾಗೆ. ಕಾಸಿಗೆ ತಕ್ಕ ಕಜ್ಜಾಯ ಅಂತಾರಲ್ಲ, ಇದು ಕಾಸಿಗಿಂತ ದೊಡ್ಡ ಕಜ್ಜಾಯ."

ನಾನು ಹೂಂ ಹೂಂ ಅಂದು ಟೀ ಕುಡಿದೆ. ಈ ಮಾತು ಮುಂದೆ ನಮ್ಮಿಬ್ಬರ ಅನ್ನ ಕಾಪಾಡುತ್ತೆ ಅಂತ ಆಗ ಯಾರಿಗೆ ಗೊತ್ತಿತ್ತು?

ಆ ವರ್ಷ ಗಣೇಶನ ಹಬ್ಬ ಕಳೆದ ಮೇಲೆ ಮಾಸ್ಟ್ರಿಗೆ ಜ್ವರ ಬಂತು. ಕೆಟ್ಟ ನೆಗಡಿ, ಮೈಕೈ ನೋವು. ಹದಿನೈದು ದಿನ ರಜಾ ಹಾಕಿ ವಾಪಸ್ ಬಂದರು. ಬಂದು ವಾರವಾಗಿತ್ತು ಅಷ್ಟೇ, ಒಂದು ಸೋಮವಾರ ಬೆಳಗ್ಗೆ ಬಾಗಿಲಲ್ಲಿ ನಿಂತು ಶಾಂತವ್ವನನ್ನು ಬಯ್ಯುತ್ತಿದ್ದರು. ಶಾಂತವ್ವ ಗದಗದ ಕಡೆಯ ಹುಡುಗಿ, ನನ್ನ ಹಾಲಿನಲ್ಲಿ ಪ್ಯಾಕಿಂಗು. ಮಲ್ಲಿಗೆ ತೆಗೆಯೋದು ಮರೆತು ಒಳಗೆ ಹೋಗಿದ್ದಳು. "ಎಷ್ಟು ಸಲ ಹೇಳಬೇಕು ನಿಂಗೆ, ಮೂಗು ಅಂದ್ರೆ ಆಟ ಅಂದ್ಕೊಂಡಿದೀಯಾ" ಅಂತ ಇವರು ಕೂಗಾಡುತ್ತಿದ್ದರೆ, ಅವಳು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗು ತಡೆಯುತ್ತಿದ್ದಳು. ಹಿಂದೆ ನಿಂತ ಹೆಂಗಸರೆಲ್ಲ ಕಿಸಿಕಿಸಿ. ನಾನು ಹತ್ತಿರ ಹೋದೆ. ಹೋದರೆ, ಅಯ್ಯೋ ರಾಮ! ಮಾಸ್ಟ್ರ ಮೈಯಿಂದ ನೀಲಿ ಮುಚ್ಚಳದ ಸೆಂಟು ಘಮ್ ಅಂತ ಹೊಡೀತಾ ಇದೆ. ಅರ್ಧ ಬಾಟ್ಲಿ ಸುರಿದುಕೊಂಡ ಹಾಗೆ.

"ಸಾರ್ ಮೈಯಾಗ ಮದುವಿ ಮನಿ ವಾಸ್ನಿ ಬರಾಕತ್ತೈತ್ರಿ ಅಕ್ಕಾರ" ಅಂತ ಶಾಂತವ್ವ ನನ್ನ ಕಿವಿಯಲ್ಲಿ ಉಸುರಿದಳು.

ತಮಾಷೆ ಮಾಡ್ತಿದಾರೇನೋ ಅಂದುಕೊಂಡೆ. ಅವರ ಹಿಂದೆಯೇ ಮಿಕ್ಸಿಂಗ್ ರೂಮಿಗೆ ಹೋದೆ. ಮಾಸ್ಟ್ರು ಕುರ್ಚಿಯಲ್ಲಿ ಕೂತರು. ಯಾವತ್ತಿನ ಹಾಗೆ ಕಣ್ಣು ಮುಚ್ಚಿದರು, ಕೈ ಮಡಿಸಿದರು, ಮೊಳಕೈ ಮಡಿಕೆಗೆ ಮೂಗಿಟ್ಟು ಉಸಿರೆಳೆದರು. ಆ ಅಂಗಿಯ ತೋಳಿಗೇ ಸೆಂಟು ಜಾಸ್ತಿ ಬಿದ್ದಿತ್ತು, ಬಾಗಿಲಲ್ಲಿದ್ದ ನನಗೇ ತಲೆ ಸುತ್ತುತ್ತಿತ್ತು. ಅವರು ಮಾತ್ರ ಸೊನ್ನೆಗೆ ಬಂದವರ ಹಾಗೆ ಶಾಂತವಾಗಿ ಕಣ್ಣು ಬಿಟ್ಟು ಮುಂದಿನ ಬಾಟಲಿಗೆ ಕೈ ಹಾಕಿದರು.

"ಮಾಸ್ಟ್ರೇ" ಅಂದೆ. "ನೀವು ಸೆಂಟ್ ಹಾಕ್ಕೊಂಡ್ ಬಂದಿದೀರಿ."

"ಯಾರು? ನಾನಾ?" ಅಂಗಿ ಎತ್ತಿ ಮೂಸಿದರು. ಇನ್ನೊಂದು ಕಡೆ ಮೂಸಿದರು. ಮುಖದ ಬಣ್ಣ ಇಳಿದುಹೋಯಿತು. ಆಮೇಲೆ ಮೆಲ್ಲಗೆ ಕೇಳಿದರು, "ಯಾವ ಸೆಂಟಮ್ಮ?"

ಮೂರು ದಿನ ಮೂಸಿ, ನಿಂಬೆ, ಸೋಪು, ಮರ ಅಂತ ಬಿಡಿಸಿ ಹೇಳಿದ್ದ ಮನುಷ್ಯ ಯಾವ ಸೆಂಟು ಅಂತ ನನ್ನನ್ನು ಕೇಳುತ್ತಿದ್ದಾರೆ. ಬನ್ನಿ ಮಾಸ್ಟ್ರೇ, ಒಂದು ಟೀ ಕುಡಿಯೋಣ ಅಂತ ಎಬ್ಬಿಸಿದೆ.

ಆಗಿದ್ದಿಷ್ಟು. ಕಾಲೇಜು ಓದುತ್ತಿದ್ದ ಅವರ ಮಗ ಹಿಂದಿನ ಸಂಜೆ ಯಾರದೋ ರಿಸೆಪ್ಷನ್ನಿಗೆ ಅಪ್ಪನ ಅಂಗಿ ಹಾಕಿಕೊಂಡು, ಅಪ್ಪನ ಬಾಟ್ಲಿಯನ್ನೇ ಧಾರಾಳವಾಗಿ ಹೊಡೆದುಕೊಂಡು ಹೋಗಿ ಬಂದು, ಅಂಗಿಯನ್ನು ವಾಪಸ್ ಹ್ಯಾಂಗರಿಗೆ ಹಾಕಿದ್ದ. ಹೆಂಡತಿ ತವರಿಗೆ ಹೋಗಿದ್ದರು. ಬೆಳಗ್ಗೆ ಇವರು ಅದೇ ಅಂಗಿ ಹಾಕಿಕೊಂಡು ನಂದಿನಿ ಲೇಔಟಿನಿಂದ ಇಲ್ಲಿ ತನಕ ಬಸ್ಸಲ್ಲಿ ಬಂದಿದ್ದಾರೆ. ಜ್ವರ ಹೋಗುವಾಗ ವಾಸನೆಯನ್ನೂ ಕರಕೊಂಡು ಹೋಗಿತ್ತು. ವಾರದಿಂದ ಬರೀ ನೆನಪಿನ ಮೇಲೆ, ಚೀಟಿ ನೋಡಿಕೊಂಡು ಅಳತೆ ಹಾಕುತ್ತಿದ್ದರು.

ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದರು. "ಡಾಕ್ಟ್ರು ನರದ ತೊಂದರೆ ಅಂತಾರೆ. ಬಂದ್ರೂ ಬರಬಹುದು, ಬರದೇನೂ ಇರಬಹುದು. ನಂಗೆ ರಿಟೈರಾಗೋಕೆ ಇನ್ನು ಎರಡೂವರೆ ವರ್ಷ ಇದೆ. ಮೂಗಿಲ್ಲದ ಮಾಸ್ಟ್ರನ್ನ ಯಾರಮ್ಮ ಇಟ್ಕೋತಾರೆ? ಯಜಮಾನ್ರು ಒಳ್ಳೇವರು, ತೆಗೆದು ಹಾಕಲ್ಲ. ಗೇಟ್ ಹತ್ರ ಒಂದು ಕುರ್ಚಿ ಹಾಕಿ ಕೂರಿಸ್ತಾರೆ. ನಿಮ್ಮ ಹೂವಿನ ಕಾವಲಿಗೆ."

ಜೋರು ಮಾಡೋ ಮನುಷ್ಯ ಜೋರಾಗಿಯೇ ಇರಬೇಕು. ತಲೆ ತಗ್ಗಿಸಿ ಕೂತದ್ದನ್ನು ನನಗೆ ನೋಡೋಕಾಗಲಿಲ್ಲ. "ಸಾಕು ಬಿಡಿ ಮಾಸ್ಟ್ರೇ. ನನಗೊಂದು ಮೂಗಿದೆಯಲ್ಲ, ಬರೀ ನತ್ತು ಚುಚ್ಚಿಸ್ಕೊಳ್ಳೋಕಾ ದೇವರು ಕೊಟ್ಟಿರೋದು?" ಅಂದೆ.

ಹೀಗೆ ಶುರುವಾಯಿತು. ಲಾಟ್ ನಂಬರ್ ಚೀಟಿ ಬರೆಯೋ ನೆಪದಲ್ಲಿ ನಾನು ದಿನಾ ಮಿಕ್ಸಿಂಗ್ ರೂಮಿಗೆ ಹೋಗೋದು, ಅವರು ಬೆರೆಸಿದ್ದನ್ನು ಮೂಸಿ ಹೇಗಿದೆ ಅಂತ ಹೇಳೋದು, ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು ಅದಕ್ಕೆ ತಕ್ಕ ಹಾಗೆ ಇನ್ನೊಂದು ಹನಿ, ಅರ್ಧ ಹನಿ ಹಾಕೋದು. ಇದು ಮೋಸ ಅಂತೀರಾ? ಅನ್ನಿ. ಊದುಬತ್ತಿ ಹಚ್ಚಿದವರಿಗೆ ಯಾರಿಗೂ ಮೋಸವಾಗಲಿಲ್ಲ. ಒಂದು ಸಲ ಬಿಟ್ಟು.

ಆ ಒಂದು ಸಲ ಆಗಿದ್ದು ನಮ್ಮಜ್ಜಿಯರಿಂದ. ಚಂದನದ ಲಾಟು. ಮೂಸಿದೆ. "ಹೇಗಿದೆ?" ಅಂದರು. ನನಗೆ ಅವರ ಹಾಗೆ ಮಾತು ಬರುತ್ತಾ? ತೋಚಿದ್ದು ಹೇಳಿದೆ, "ನಮ್ಮಜ್ಜಿ ಟ್ರಂಕು ತೆಗೆದ ಹಾಗಿದೆ ಮಾಸ್ಟ್ರೇ."

ಮಾಸ್ಟ್ರ ಮುಖ ಅರಳಿತು. "ಆಹಾ! ಹಾಗೇ ಇರಬೇಕು. ಬಿಡು, ಮುಟ್ಟೋದು ಬೇಡ" ಅಂದರು. ಇಡೀ ಲಾಟು ಅದ್ದಿ ಒಣಗಿತು. ನಮ್ಮ ಹಾಲಿನಲ್ಲಿ ಹೊಸ ಲಾಟು ಬಂದರೆ ಮೊದಲ ಬತ್ತಿ ಲಕ್ಷ್ಮಿ ಪಟದ ಮುಂದೆ ಹಚ್ಚೋದು ಪದ್ಧತಿ. ಶಾಂತವ್ವ ಹಚ್ಚಿದಳು, ಕೈ ಮುಗಿದಳು, ಮೂಗು ಮುಚ್ಚಿಕೊಂಡಳು. "ಅಯ್ಯ, ಇದೇನ್ರಿ! ದೇವ್ರ ಮುಂದ ಹಳೇ ಅಲಮಾರಿ ತಗದಂಗ ಐತಲ್ರಿ!" ಯಜಮಾನ್ರು ಅಲ್ಲೇ ಇದ್ದರು.

ಎಣ್ಣೆಯ ಡ್ರಮ್ಮೊಂದು ಕೆಟ್ಟಿತ್ತು. ಅದು ನಿಜವೇ. ಆದರೆ ಕೆಟ್ಟದ್ದನ್ನು ಹಿಡಿಯಬೇಕಾದ್ದು ಮಾಸ್ಟ್ರ ಮೂಗಲ್ಲವೇ? ಯಜಮಾನ್ರು ಬಯ್ಯಲಿಲ್ಲ. "ಮಾಸ್ಟ್ರೇ, ನಿಮ್ಮ ಕೈಯಲ್ಲಿ ಹೀಗಾಗಿದ್ದು ಇದೇ ಮೊದಲು. ಇದೇ ಕೊನೇದಾಗಲಿ" ಅಂದರು ಅಷ್ಟೇ. ಬೈದಿದ್ದರೇ ವಾಸಿಯಿತ್ತು.

ಬಾಗಿಲು ಹಾಕಿಕೊಂಡು ಇಬ್ಬರೂ ಜಗಳಕ್ಕೆ ಬಿದ್ದೆವು.

"ಅಜ್ಜಿ ಟ್ರಂಕು ಅಂದ್ಯಲ್ಲಮ್ಮ!"

"ಹೌದು, ಅಂದೆ. ನಮ್ಮಜ್ಜಿ ಟ್ರಂಕಲ್ಲಿ ನುಸಿಗುಳಿಗೆ ಇರೋದು."

"ನುಸಿಗುಳಿಗೆನಾ? ನಮ್ಮಜ್ಜಿ ಲಾವಂಚದ ಬೇರು ಹಾಕಿಡೋರು!"

"ನಿಮ್ಮಜ್ಜಿ ಟ್ರಂಕನ್ನ ನಾನೇನು ಕನಸಲ್ಲಿ ತೆಗೆದು ನೋಡಿದ್ನಾ ಮಾಸ್ಟ್ರೇ?"

ಆಮೇಲೆ ಯಾರು ಮೊದಲು ನಕ್ಕೆವೋ ನೆನಪಿಲ್ಲ, ನಕ್ಕು ನಕ್ಕು ಮಾಸ್ಟ್ರ ಕಣ್ಣಲ್ಲಿ ನೀರು ಬಂತು. ಕಣ್ಣೊರೆಸಿಕೊಂಡು ಅಂದರು, "ನಿನ್ನ ಮೂಗು ಚೆನ್ನಾಗಿದೆ, ನನ್ನ ನೆನಪು ಚೆನ್ನಾಗಿದೆ. ಮಧ್ಯದಲ್ಲಿ ಅಳತೆ ಇಲ್ಲ ನೋಡು. ಇಬ್ಬರಿಗೂ ಒಂದೇ ಥರ ಗೊತ್ತಿರೋ ವಾಸನೆ ಒಂದು ಬೇಕು. ನಿಮ್ಮಜ್ಜಿದೂ ಅಲ್ಲ, ನಮ್ಮಜ್ಜಿದೂ ಅಲ್ಲ. ಇವತ್ತೂ ನಾಳೆಯೂ, ಇಲ್ಲೂ ಅಲ್ಲೂ ಒಂದೇ ಇರಬೇಕು."

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ನೀಲಿ ಮುಚ್ಚಳ!

ಮಲ್ಲಿಗೆ ಒಂದೊಂದು ದಿನ ಒಂದೊಂದು ಥರ. ಕಾಫಿ ಒಂದೊಂದು ಮನೆಯಲ್ಲಿ ಒಂದೊಂದು ಥರ. ಆ ಅರವತ್ತು ರೂಪಾಯಿ ಸೆಂಟು ಮಾತ್ರ ಯಾವ ಅಂಗಡಿಯಲ್ಲಿ ಕೊಂಡರೂ, ಯಾರ ಮೈಮೇಲಿದ್ದರೂ ಅದೇ. ಮಾಸ್ಟ್ರಿಗೆ ಅದರ ಪಾಲು ಪಾಲೂ ಬಾಯಿಪಾಠ.

ಸಂಜೆ ಫ್ಯಾನ್ಸಿ ಸ್ಟೋರಿಗೆ ಹೋಗಿ ಒಂದು ಬಾಟ್ಲಿ ಕೊಂಡೆ. ಹೊಸಹಳ್ಳಿಯ ನಮ್ಮ ಮನೆಯಲ್ಲಿ ಅದು ನನ್ನ ಗಂಡನ ಕಣ್ಣಿಗೆ ಬಿತ್ತು.

"ಏನೇ ಇದು, ಗಂಡಸರ ಸೆಂಟು ನಿನ್ನ ಬ್ಯಾಗಲ್ಲಿ?"

ಗುಟ್ಟು ಹೇಳೋ ಹಾಗಿಲ್ಲ. "ನಿಮಗೇ ತಂದಿದ್ದು ಕಣ್ರೀ" ಅಂದೆ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನಾನು ಅವರಿಗೆ ಕರ್ಚೀಫೂ ತಂದುಕೊಟ್ಟವಳಲ್ಲ. ಮನುಷ್ಯ ಹಿಗ್ಗಿ ಹೀರೇಕಾಯಾದರು. ಮಾರನೇ ದಿನದಿಂದ ಕನ್ನಡಿ ಮುಂದೆ ಕಾಲು ಗಂಟೆ, ಎರಡು ಸಲ ಪುಸ್ ಪುಸ್, ತಲೆ ಬಾಚಿ, "ಬರ್ತೀನಿ ಕಣೇ" ಅಂತ ಹೇಳಿಯೇ ಆಫೀಸಿಗೆ ಹೋಗೋಕೆ ಶುರು ಮಾಡಿದರು. ಮೊದಲೆಲ್ಲ ಬಾಗಿಲು ದಡ್ ಅಂದಾಗಲೇ ಹೋದರು ಅಂತ ಗೊತ್ತಾಗುತ್ತಿದ್ದದ್ದು. ನಾನು ಮಾಸ್ಟ್ರಿಗಾಗಿ ಇನ್ನೊಂದು ಬಾಟ್ಲಿ ಕೊಂಡೆ. ನಮ್ಮ ಮನೆಯವರೂ ಚೆನ್ನಾಗೇ ಕಾಣ್ತಾರೆ ಅಂತ ನನಗೆ ಆಗಲೇ ಗೊತ್ತಾದದ್ದು.

ಬತ್ತಿಗೆ ಸೆಂಟು ತಾಗಬಾರದಲ್ಲ, ಅದಕ್ಕೆ ಒಂದು ಬಟ್ಟೆ ಚೂರಿಗೆ ಎರಡು ಹನಿ ಹಾಕಿ, ಟಿಫನ್ ಡಬ್ಬಿಯಲ್ಲಿ ಮುಚ್ಚಿ, ಹೂವಿನ ಜೊತೆ ನನ್ನ ಮೊಳೆಗೇ ಚೀಲದಲ್ಲಿ ನೇತುಹಾಕುತ್ತಿದ್ದೆ. ಮಿಕ್ಸಿಂಗ್ ರೂಮಿಗೆ ಹೋಗುವ ಮುಂಚೆ ಅದನ್ನೊಂದು ಸಲ ಮೂಸಿ, ಕೈ ತೊಳೆದು, ಮೊಳಕೈ ಮಡಿಸಿ ಸೊನ್ನೆಗೆ ಬಂದು, ಒಳಗೆ. ಅಣಕಿಸಿ ನಗುತ್ತಿದ್ದವಳೇ ಈಗ ಅದೇ ಶಾಸ್ತ್ರ ಮಾಡುತ್ತಿದ್ದೆ.

"ನೀಲಿಗಿಂತ ಸಿಹಿ ಎರಡು ಪಾಲು. ಮರ ಅಷ್ಟೇ. ಸೋಪು ಇಲ್ಲವೇ ಇಲ್ಲ" ಅಂತ ನಾನು. "ಹಾಗಾದ್ರೆ ಗುಲಾಬಿ ಜಾಸ್ತಿಯಾಯ್ತು, ತಡಿ" ಅಂತ ಅವರು. ಅಲ್ಲಿಂದಾಚೆಗೆ ಒಂದು ಲಾಟೂ ಕೆಡಲಿಲ್ಲ. ಹುಬ್ಬಳ್ಳಿ ಪಾರ್ಟಿ ಬಂದು ಮೂರು ಬತ್ತಿ ಹಚ್ಚಿಸಿ, ಇದರಲ್ಲಿ ಹಳೇ ಲಾಟು ಯಾವುದು ಹೇಳಿ ನೋಡೋಣ ಅಂತ ಮಾಸ್ಟ್ರಿಗೇ ಪರೀಕ್ಷೆ ಇಟ್ಟರು. ನಾನು ಟೀ ಕೊಡುವ ನೆಪದಲ್ಲಿ ಬಗ್ಗಿ ಬಗ್ಗಿ ಮೂಸಿ, ಎರಡನೇ ಬತ್ತಿಯ ಎದುರಿಗೆ ಕಪ್ಪು ಇಟ್ಟು ಬಂದೆ. "ಎರಡನೇದು" ಅಂದರು ಮಾಸ್ಟ್ರು, ಬಹಳ ಯೋಚನೆ ಮಾಡಿದವರ ಹಾಗೆ ಮುಖ ಮಾಡಿ. ಪಾರ್ಟಿ ಕೈ ಮುಗಿದರು.

ಹತ್ತಿರ ಹತ್ತಿರ ಒಂದು ವರ್ಷವಾಯಿತು. ಮಾಸ್ಟ್ರ ಹೆಂಡತಿ ವರಮಹಾಲಕ್ಷ್ಮಿ ಹಬ್ಬದ ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಕೆಲಸ ಮುಗಿಸಿ ಇಬ್ಬರೂ ಮಾಗಡಿ ರೋಡಿನಲ್ಲಿ ನಂದಿನಿ ಲೇಔಟ್ ಬಸ್ಸು ಹತ್ತಿದೆವು. ಮೆಟ್ರೋ ಕಂಬ ಇನ್ನೂ ಎದ್ದಿರದ ಕಾಲ, ಬಸ್ಸಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ನಾನು ಮುಂದೆ ಹೆಂಗಸರ ಕಡೆ, ಮಾಸ್ಟ್ರು ನನ್ನ ಹಿಂದೆಯೇ ಕಂಬಿ ಹಿಡಿದುಕೊಂಡು. ಕಂಡಕ್ಟರು ನುಗ್ಗಿಕೊಂಡು ಬಂದು, ಕೈ ಎತ್ತಿ ಮೇಲಿನ ಕಂಬಿ ಹಿಡಿದು ಟಿಕೆಟ್ ಟಿಕೆಟ್ ಅಂದ. ಅವನ ಕಂಕುಳು ಸರಿಯಾಗಿ ಮಾಸ್ಟ್ರ ಮೂಗಿನ ಮುಂದೆ.

"ಬಂತು!" ಅಂತ ಮಾಸ್ಟ್ರು ಕಿರುಚಿದರು. "ಬಂತು, ಬಂತು!"

"ಏನ್ ಸಾರ್ ಬಂತು? ಟಿಕೆಟ್ಟೇ ತಗೊಂಡಿಲ್ಲ, ಇನ್ನೂ ರಾಜಾಜಿನಗರಾನೇ ದಾಟಿಲ್ಲ."

ಮಾಸ್ಟ್ರು ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದರು. "ಅಪ್ಪಾ, ಒಂದು ನಿಮಿಷ ಹಿಂಗೇ ನಿಂತ್ಕೋ. ಕ್ರಾಪು ಕೆದರಲ್ಲ, ದುಡ್ಡು ಮುಟ್ಟಲ್ಲ. ಸುಮ್ನೆ ನಿಂತ್ಕೋ." ಕಣ್ಣು ಮುಚ್ಚಿ, ನೀಲಿ ಮುಚ್ಚಳದ ಸೆಂಟು ಹೊಡೀತಿದ್ದ ಅವನ ಅಂಗಿಗೆ ಮೂಗಿಟ್ಟು ಎಳೆದೇ ಎಳೆದರು. ಬಸ್ಸಿಗೆ ಬಸ್ಸೇ ನೋಡುತ್ತಿತ್ತು. ಕಂಡಕ್ಟರು ನನ್ನ ಕಡೆ ತಿರುಗಿ, "ಏನ್ ಆಂಟಿ, ಇವರು ಸರಿಯಾಗಿದಾರೆ ತಾನೆ?" ಅಂದ.

"ಸರಿಯಾಗಿದಾರಪ್ಪ. ಇವತ್ತೇ ಸರಿಯಾಗಿರೋದು" ಅಂದೆ. ನನಗೆ ಅಳು ನಗು ಎರಡೂ ಒಟ್ಟಿಗೇ ಬಂತು.

ಅವರ ಮನೆ ತಲುಪಿ, ಅವರ ಹೆಂಡತಿಗೆ ಕುಂಕುಮ ಕೊಡೋಕೂ ಬಿಡದೆ ಮಾಸ್ಟ್ರಿಗೆ ಒಂದೊಂದಾಗಿ ಮೂಸಿಸಿದೆ. ಮಲ್ಲಿಗೆ ಇಲ್ಲ. ಕಾಫಿಪುಡಿ ಇಲ್ಲ. ಒಬ್ಬಟ್ಟಿನ ತುಪ್ಪ ಇಲ್ಲ. ಕರ್ಪೂರ ಇಲ್ಲ. ನೀಲಿ ಮುಚ್ಚಳ ಮಾತ್ರ ಇತ್ತು. ಆಮೇಲೂ ಅಷ್ಟೇ. ರಿಟೈರಾಗುವ ತನಕ, ಸಾಯುವ ತನಕ, ಅದೊಂದೇ ವಾಸನೆ ಬಂದದ್ದು. ಡಾಕ್ಟರಿಗೆ ಕಾರಣ ಗೊತ್ತಾಗಲಿಲ್ಲ. ನನಗೆ ಬೇಜಾರಾಯಿತು, ಮಾಸ್ಟ್ರಿಗೆ ಆಗಲಿಲ್ಲ. "ಗಂಧ, ಕಸ್ತೂರಿ ಅಂತ ದೊಡ್ಡ ದೊಡ್ಡೋರ ಚಾಕರಿ ಮಾಡಿದೆ ಕಣಮ್ಮ ಜೀವಮಾನವೆಲ್ಲ. ಕಷ್ಟಕಾಲಕ್ಕೆ ಒಬ್ಬರೂ ತಿರುಗಿ ನೋಡಲಿಲ್ಲ. ಈ ಬಡವ ಒಬ್ಬ ಬಂದು ಬಾಗಿಲು ತಟ್ಟಿದ ನೋಡು" ಅಂದರು. ಭಾನುವಾರಗಳಲ್ಲಿ ಮನೆಯಲ್ಲಿ ಧಾರಾಳವಾಗಿ ಹಾಕಿಕೊಂಡು ಕೂತಿರೋರಂತೆ. ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ ಅಂತ ಹೆಂಡತಿ ರೇಗಿಸಿದರೆ, ನಂಗೇ ಕಣೇ ಅನ್ನೋರಂತೆ.

ನಮ್ಮ ಲೆಕ್ಕಾಚಾರ ಹಾಗೇ ನಡೆಯಿತು. ರಿಟೈರಾಗುವ ವಾರ ಬಂತು. ಯಜಮಾನ್ರು ಮಾಸ್ಟ್ರ ಗೌರವಕ್ಕೆ ತಕ್ಕ ಹಾಗಿರಲಿ ಅಂತ ಗಂಧದ ಹಾರ ಮಾಡಿಸಿದ್ದರು. ಅಪ್ಪಟ ಶ್ರೀಗಂಧದ ತೆಳು ಚಕ್ಕೆಗಳಲ್ಲಿ ಕಟ್ಟಿದ್ದು, ಮಾಮೂಲಿ ಹಾರವಲ್ಲ. ಅದನ್ನು ಜೋಪಾನವಾಗಿಡೋ ಕೆಲಸ ನನ್ನದು. ಹಿಂದಿನ ದಿನ ಮಾಸ್ಟ್ರಿಗೆ ತೋರಿಸಿದೆ. ಅವರು ಕೈಯಲ್ಲಿ ಹಿಡಿದು ನೋಡಿ ವಾಪಸ್ ನನ್ನ ಕೈಗಿಟ್ಟರು.

"ಯಾಕೆ ಮಾಸ್ಟ್ರೇ?"

"ನಾಳೆ ಇದನ್ನ ಹಾಕಿ, ಗಂಧ ಹೇಗಿದೆ ಮಾಸ್ಟ್ರೇ ಅಂತ ಕೇಳ್ತಾರೆ. ಕೇಳೇ ಕೇಳ್ತಾರೆ. ನಾನು ಆಹಾ ಅನ್ನಬೇಕು. ಎರಡೂವರೆ ವರ್ಷ ನಿನ್ನ ಮೂಗಿನ ಮೇಲೆ ಬದುಕಿದೆ, ಅದಕ್ಕೆ ಬೇಜಾರಿಲ್ಲ, ಕೆಲಸ ಸರಿಯಾಗಿ ಆಯ್ತು. ಆದ್ರೆ ಕೊನೇ ದಿನ, ಅಷ್ಟು ಜನರ ಮುಂದೆ, ಬರದೇ ಇರೋ ವಾಸನೆ ಬಂತು ಅಂತ ಬಾಯಿಬಿಟ್ಟು ಸುಳ್ಳು ಹೇಳಬೇಕಲ್ಲಮ್ಮ. ಅದೊಂದು ನನ್ನ ಕೈಲಾಗಲ್ಲ ಅನ್ಸುತ್ತೆ."

ನಾನು ಹಾರವನ್ನು ಕಾಗದದಲ್ಲಿ ಸುತ್ತಿ ಒಳಗಿಟ್ಟೆ.

ಮಾರನೇ ದಿನ ಪ್ಯಾಕಿಂಗ್ ಟೇಬಲ್ಲುಗಳನ್ನು ಗೋಡೆಗೆ ಸರಿಸಿ, ಜಮಖಾನ ಹಾಸಿ, ಎಲ್ಲರೂ ಕೂತೆವು. ಮೈಸೂರು ಪೇಟ, ಶಾಲು, ಹಣ್ಣಿನ ತಟ್ಟೆ. ಯಜಮಾನ್ರು ಹಾರ ಎತ್ತಿಕೊಂಡರು. ಎತ್ತಿದವರ ಮೂಗು ಸೊಟ್ಟಗಾಯಿತು. ನನ್ನ ಕಡೆ ನೋಡಿದರು, ನಾನು ಫ್ಯಾನು ನೋಡಿದೆ. ಅಷ್ಟು ಜನರ ಮುಂದೆ ಕೇಳೋ ಹಾಗೂ ಇಲ್ಲ, ಹಾರ ಹಾಕಿದರು. ಮುಂದಿನ ಸಾಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಾಂತವ್ವ ಸೆರಗು ಬಾಯಿಗಿಟ್ಟುಕೊಂಡಳು.

"ಮಾಸ್ಟ್ರೇ," ಅಂದರು ಯಜಮಾನ್ರು, "ಗಂಧ ಹೇಗಿದೆ ಅಂತ ನಿಮ್ಮ ಬಾಯಲ್ಲೇ ಕೇಳಬೇಕು."

ಮಾಸ್ಟ್ರು ಎದ್ದು ನಿಂತರು. ಆಹಾ ಅನ್ನೋಕೆ ಸಿದ್ಧವಾಗಿ ತಲೆ ಬಗ್ಗಿಸಿ ಉಸಿರೆಳೆದರು. ಬಾಯಿ ಅರ್ಧ ತೆರೆದದ್ದು ಹಾಗೇ ನಿಂತಿತು. ಇನ್ನೊಂದು ಸಲ ಎಳೆದರು. ಹಾರವನ್ನು ಎರಡೂ ಕೈಯಲ್ಲಿ ಹಿಡಿದು ಮುಖಕ್ಕೆ ಒತ್ತಿಕೊಂಡರು. ತಲೆ ಎತ್ತಿದಾಗ ಕಣ್ಣು ತುಂಬಿತ್ತು, ಹೆಂಗಸರ ಸಾಲಿನಲ್ಲಿ ನನ್ನನ್ನು ಹುಡುಕಿತು.

"ಸ್ವಾಮಿ," ಅಂದರು, "ಯಾರೋ ಪುಣ್ಯಾತ್ಮರು ನಿಮ್ಮ ಗಂಧದ ಮೇಲೆ ಒಂದು ಬಾಟ್ಲಿ ಸೆಂಟು ಪೂರ್ತಿ ಸುರಿದಿದಾರೆ. ಅರವತ್ತು ರೂಪಾಯಿದು, ನೀಲಿ ಮುಚ್ಚಳ. ನಿಂಬೆ ಆಗಲೇ ಹಾರಿಹೋಗಿದೆ, ಅಂದ್ರೆ ಸುರಿದು ಅರ್ಧ ಗಂಟೆ ಆಗಿದೆ. ಈಗ ಸೋಪು ಬರ್ತಾ ಇದೆ. ಸಾಯಂಕಾಲಕ್ಕೆ ಒಂಚೂರು ಮರ ಬರುತ್ತೆ."

ಹಾಲಿಗೆ ಹಾಲೇ ಚಪ್ಪಾಳೆ ಹೊಡೆಯಿತು. ಏನ್ ಮೂಗಪ್ಪಾ ಇದು, ಕೊನೇ ದಿನಾನೂ ಹಿಡಿದುಬಿಟ್ರಲ್ಲ! ಯಜಮಾನ್ರೂ ಸೋತು ನಕ್ಕರು. "ನಿಮ್ಮ ಕಾನೂನು ಮುರಿದೋರು ಯಾರು ಅಂತಾನೂ ಗೊತ್ತಾಯ್ತಾ?"

"ಗೊತ್ತಾಯ್ತು ಸ್ವಾಮಿ. ಹೇಳಲ್ಲ. ಆದ್ರೆ ನಾಳೆಯಿಂದ ನನ್ನ ಕುರ್ಚಿಗೆ ಈಯಮ್ಮನ್ನ ಕೂರಿಸಿ" ಅಂತ ನನ್ನ ಕಡೆ ಕೈ ತೋರಿಸಿದರು.

ಸಂಜೆ ಮೊಳೆಯಿಂದ ಹೂವು ತೆಗೆದು ಮುಡಿದುಕೊಂಡು ನಾವೆಲ್ಲ ಬಸ್ ಸ್ಟಾಪಿನ ತನಕ ಬಿಟ್ಟುಬಂದೆವು. ಪೇಟ, ಶಾಲು ಚೀಲಕ್ಕೆ ಹೋದವು, ಹಾರ ಮಾತ್ರ ಬಿಚ್ಚಲಿಲ್ಲ. ಬಸ್ಸಲ್ಲಿ ಕಂಡಕ್ಟರು, "ಏನ್ ಸಾರ್ ಹಾರ, ಮದುವೇನಾ?" ಅಂದನಂತೆ.

"ಇಲ್ಲಪ್ಪ, ರಿಟೈರಾದೆ" ಅಂದರಂತೆ ಮಾಸ್ಟ್ರು. "ಮೂಗು ಉಳಿಸ್ಕೊಂಡು ರಿಟೈರಾದೆ."